ಮುನ್ನರಿವಿನ ಹೊಣೆ

ಮೀನು ತಿನ್ನದವನಿಗೆ ಮೀನಿನ ಚಿಂತೆಯೇಕೆ? ಕಡಲನ್ನೇ ಕಾಣದ ರೈತನಿಗೆ ಕಡಲಿನ ಗೊಡವೆಯೇಕೆ? ಈ ಲೇಖನದ ವಿಷಯವನ್ನು ಕೇಳಿದೊಡನೆ ನಮ್ಮ ವಾಚಕರಲ್ಲಿ ಅನೇಕರು ಹೀಗೆ ಪ್ರಶ್ನಿಸುವುದು ಸಹಜ. ಬನಶಂಕರಿಯ ಪರಿಸರದಲ್ಲಿ, ಬಾದಾಮಿಯ ಮಸಾರಿ ಹೊಲಗಳಿಗೂ ಹುನಗುಂದದ ಎರೆಭೂಮಿಗೂ ನಡುವೆ ಬಾಳುವ ನಮಗೆ ನೀರೆಂದರೆ ಮೊದಲು ನೆನಪಾಗುವುದು ಬಾರದ ಮಳೆ. ಆದರೆ ನಾವಿಲ್ಲಿ ವಿಚಾರಿಸಹೊರಟಿರುವುದು ಊಟದ ವಿಷಯವನ್ನಲ್ಲ. ಮುಂದಾಗುವುದನ್ನು ಮೊದಲೇ ಅರಿತವನ ಮೇಲೆ ಬೀಳುವ ಹೊಣೆ ಯಾವುದು ಎಂಬುದು ನಮ್ಮ ಪ್ರಶ್ನೆ. ಆ ಪ್ರಶ್ನೆ ಇಂದು ಅತ್ಯಂತ ಸ್ಪಷ್ಟವಾಗಿ ಎದ್ದು ನಿಂತಿರುವುದು ನಮ್ಮದೇ ನಾಡಿನ ಪಡುವಣ ಕಡಲಿನಲ್ಲಿ. ಆದುದರಿಂದ ವಾಚಕರು ಸ್ವಲ್ಪ ದೂರ ನಮ್ಮೊಡನೆ ಬರಬೇಕು.

ದೂರವೆಂದೆವು, ನಿಜವಾಗಿ ನೋಡಿದರೆ ಅಷ್ಟು ದೂರವೂ ಅಲ್ಲ. ಅರಬ್ಬೀ ಸಮುದ್ರದಿಂದ ಬೀಸಿಬರುವ ನೈಋತ್ಯ ಮಾರುತವು ಸಹ್ಯಾದ್ರಿಯನ್ನು ಅಡರಿ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಮಳೆಯಾಗಿ ಸುರಿದಾಗ ಮಲಪ್ರಭೆ ತುಂಬುತ್ತದೆ. ಅದೇ ಹೊಳೆ ಬನಶಂಕರಿಯ ಸಮೀಪದಲ್ಲಿ ಹರಿದು, ಪಟ್ಟದಕಲ್ಲು ಐಹೊಳೆಗಳನ್ನು ದಾಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಇಷ್ಟನ್ನು ನಾವೆಲ್ಲ ಬಲ್ಲೆವು. ಅದೇ ಗಾಳಿ ಕಡಲಿನಲ್ಲಿ ಮಾಡುವ ಇನ್ನೊಂದು ಕೆಲಸವನ್ನು ಬಲ್ಲವರು ಕಡಿಮೆ. ಅದು ದಡದ ಬಳಿಯ ಮೇಲ್ನೀರನ್ನು ಒಳಗಡಲಿನ ಕಡೆಗೆ ಸರಿಸುತ್ತದೆ. ಆ ತೆರವನ್ನು ತುಂಬಲು ತಳದ ತಣ್ಣೀರು ಮೇಲೇಳುತ್ತದೆ. ಸತ್ತ ಜೀವಗಳ ಸಾರವೆಲ್ಲ ಕಡಲಿನ ತಳದಲ್ಲಿ ಗೊಬ್ಬರವಾಗಿ ಕರಗಿರುತ್ತದೆಯಷ್ಟೆ. ಆ ನೀರು ಬಿಸಿಲನ್ನು ಕಂಡೊಡನೆ ಕಣ್ಣಿಗೆ ಕಾಣಿಸದಷ್ಟು ಸಣ್ಣ ಪಾಚಿಗಳು ಹುಲುಸಾಗಿ ಬೆಳೆಯುತ್ತವೆ. ಅವುಗಳನ್ನು ಮೇಯಲು ಬೂತಾಯಿ ಎಂಬ ಗೇಣುದ್ದವೂ ಇಲ್ಲದ ಮೀನು ಹಿಂಡುಹಿಂಡಾಗಿ ದಡದತ್ತ ಬರುತ್ತದೆ. ಉತ್ತರ ಕನ್ನಡದಲ್ಲಿ ಅದನ್ನೇ ತಾರ್ಲೆ ಎನ್ನುವರು. ನಮ್ಮ ಸಜ್ಜೆಯ ಹೊಲಕ್ಕೆ ಹದ ಕೊಡುವ ಗಾಳಿಯೇ ಕಡಲಿನ ಹೊಲಕ್ಕೂ ಹದ ಕೊಡುತ್ತದೆಯೆಂದಂತಾಯಿತು. ಇನ್ನು, ದಾಳಿಂಬೆ ದ್ರಾಕ್ಷಿಗಳಿಗೆ ಹತ್ತುವ ಹಿಟ್ಟುತಿಗಣೆಯನ್ನು ಹತೋಟಿಗೆ ತರಲು ಮೀನೆಣ್ಣೆಯ ಸಾಬೂನನ್ನು ಸಿಂಪಡಿಸುವ ವಾಡಿಕೆ ನಮ್ಮ ಜಿಲ್ಲೆಯ ತೋಟಗಾರರಿಗೆ ಹೊಸದಲ್ಲ. ಮೀನನ್ನು ನಾವು ಮುಟ್ಟದಿದ್ದರೂ ಅದರ ಎಣ್ಣೆ ನಮ್ಮ ತೋಟಕ್ಕೆ ಬಂದಿದೆ.

ಮುನ್ನರಿವಿನ ಹಂಬಲ ಮಾನವನಿಗೆ ಇಂದು ನಿನ್ನೆಯದಲ್ಲ. ಯುಗಾದಿಯಂದು ಪಂಚಾಂಗವನ್ನು ಕೇಳಿಸಿಕೊಳ್ಳುತ್ತೇವೆ. ಮೈಲಾರದ ಕಾರಣಿಕದ ಒಂದು ನುಡಿಗಾಗಿ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ರೋಹಿಣಿ ಹೇಗೆ ಬಂತು, ಮೃಗಶಿರ ಹೇಗೆ ಹೋಯಿತು ಎಂದು ಲೆಕ್ಕ ಹಾಕಿ ಕೂರಿಗೆ ಹೂಡುತ್ತೇವೆ. ಈ ಭವಿಷ್ಯಗಳಲ್ಲಿ ಎಷ್ಟು ನಿಜವಾದವು, ಎಷ್ಟು ಸುಳ್ಳಾದವು ಎಂಬ ಚರ್ಚೆ ಇಲ್ಲಿ ಬೇಡ. ಮುಂದಿನದನ್ನು ಅರಿತೆವೆಂದು ಬಗೆದ ಮೇಲೆ ನಮ್ಮ ಹಿರಿಯರು ಏನು ಮಾಡಿದರು ಎಂಬುದನ್ನು ಮಾತ್ರ ಗಮನಿಸಬೇಕು. ಅವರು ಹಗೇವು ತೋಡಿದರು. ಬೆಳೆದ ಜೋಳದಲ್ಲಿ ಒಂದು ಪಾಲನ್ನು ನೆಲದೊಳಗೆ ಹೂತಿಟ್ಟರು. ಮನೆಯಲ್ಲಿ ಗಂಜಿಗೆ ಗತಿಯಿಲ್ಲದಿದ್ದರೂ ಬಿತ್ತನೆಯ ಕಾಳಿಗೆ ಕೈಹಚ್ಚಲು ಹಿಂಜರಿದರು. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ಅಂದಿನ ಕಲಾದಗಿ ಜಿಲ್ಲೆ, ಎಂದರೆ ನಮ್ಮದೇ ಸೀಮೆ, ಪಟ್ಟ ಪಾಡು ಇತಿಹಾಸದಲ್ಲಿ ದಾಖಲಾಗಿದೆ. ಅಂಥ ಬರಗಳ ನೆನಪೇ ಹಗೇವನ್ನು ತೋಡಿಸುತ್ತಿತ್ತು. ಒಣಭೂಮಿಯ ಜನರಲ್ಲಿ ಮುನ್ನರಿವು ಕೈಯನ್ನು ತಡೆಯುವ ಶಕ್ತಿಯಾಗಿತ್ತು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಂಡು ಈಗ ಕಡಲಿನ ಕಡೆಗೆ ನೋಡಬೇಕು.

ಹೈದರಾಬಾದಿನಲ್ಲಿ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವೆಂಬ ಸಂಸ್ಥೆಯಿದೆ. ಇದರ ಸ್ಥಾಪನೆ 1999ರಲ್ಲಿ. ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ದೇಶ ಓಷನ್‌ಸ್ಯಾಟ್ ಎಂಬ ಉಪಗ್ರಹವನ್ನು ಹಾರಿಸಿತು. ಉಪಗ್ರಹಕ್ಕೆ ಮೀನು ಕಾಣಿಸುವುದಿಲ್ಲ. ಅದಕ್ಕೆ ಕಾಣಿಸುವುದು ಕಡಲಿನ ಬಣ್ಣ ಮತ್ತು ಮೇಲ್ನೀರಿನ ಶಾಖ. ನೀರು ಹಸುರಾಗಿದ್ದರೆ ಅಲ್ಲಿ ಪಾಚಿ ಇದೆ. ತಣ್ಣೀರು ಬೆಚ್ಚನೆಯ ನೀರುಗಳು ಸಂಧಿಸುವ ಅಂಚಿನಲ್ಲಿ ಆಹಾರ ಒಟ್ಟುಗೂಡುತ್ತದೆ. ಆಹಾರವಿದ್ದಲ್ಲಿಗೆ ಮೀನು ಬರುತ್ತದೆ. ಹೀಗೆ ಎರಡು ಚಿಹ್ನೆಗಳಿಂದ ಮೂರನೆಯದನ್ನು ಊಹಿಸಿ, ಮೋಡವಿಲ್ಲದ ದಿನಗಳಲ್ಲಿ, ಇಂಥ ಬಂದರಿನಿಂದ ಇಂಥ ದಿಕ್ಕಿಗೆ, ಇಷ್ಟು ದೂರದಲ್ಲಿ, ಇಷ್ಟು ಆಳದಲ್ಲಿ ಮೀನು ಸಿಗುವ ಸಂಭವವಿದೆಯೆಂದು ಕೇಂದ್ರವು ಸೂಚನೆ ಹೊರಡಿಸುತ್ತದೆ. ಕನ್ನಡದಲ್ಲಿಯೂ ಅದು ದೊರೆಯುತ್ತದೆ. ಮಲ್ಪೆಯಿಂದಲೋ ಕಾರವಾರದಿಂದಲೋ ಹೊರಡುವ ತಾಂಡೇಲನು ಅದನ್ನು ನೋಡಿಕೊಂಡು ಬೋಟಿನ ಮೂತಿಯನ್ನು ತಿರುಗಿಸಬಹುದು.

ಇದರಿಂದ ಪ್ರಯೋಜನವಿಲ್ಲವೆಂದು ನಾವು ಹೇಳೆವು. ಹುಡುಕುವ ಅಲೆದಾಟ ತಪ್ಪುತ್ತದೆ, ಡೀಸೆಲ್ ಉಳಿಯುತ್ತದೆ. ಇದೇ ಕೇಂದ್ರ ಎತ್ತರದ ಅಲೆಗಳ ಮುನ್ಸೂಚನೆ ಕೊಡುತ್ತದೆ; ಹವಳದ ದಿಬ್ಬಗಳು ಶಾಖದಿಂದ ಬಿಳಿಚಿಕೊಳ್ಳುವ ಅಪಾಯವನ್ನೂ, ಕಡಲಿನಲ್ಲಿ ಪಾಚಿ ಮಿತಿಮೀರಿ ಹಬ್ಬುವುದನ್ನೂ ತಿಳಿಸುತ್ತದೆ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಬಂದಾಗ ಆಳಸಮುದ್ರದಲ್ಲಿದ್ದವರಿಗೆ ಎಚ್ಚರಿಕೆ ಸಕಾಲದಲ್ಲಿ ಮುಟ್ಟಲಿಲ್ಲ. ಕೇರಳ ತಮಿಳುನಾಡುಗಳ ಎಷ್ಟೋ ಮನೆಗಳು ದುಡಿಯುವ ಕೈಗಳನ್ನು ಕಳೆದುಕೊಂಡವು. ಫೋನಿನ ತರಂಗ ತಲುಪದ ದೂರಕ್ಕೂ ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಉಪಕರಣ 2019ರಲ್ಲಿ ಬಂತು. ಪ್ರಾಣ ಉಳಿಸುವ ಅರಿವಿನ ವಿಷಯದಲ್ಲಿ ಎರಡು ಮಾತಿಲ್ಲ. ನಮ್ಮ ಸಂದೇಹ ಹುಟ್ಟುವುದು ಮೀನು ತೋರಿಸುವ ಅರಿವಿನ ವಿಷಯದಲ್ಲಿ.

ಹಿಂದೆ ಕಡಲಿನ ಮೀನನ್ನು ಕಾಪಾಡುತ್ತಿದ್ದುದು ಯಾವುದು? ಮನುಷ್ಯನ ದಯೆಯೆಂದು ಹೇಳಿದರೆ ಅದು ಆತ್ಮಸ್ತುತಿಯಾದೀತು. ಕಡಲಿನ ವಿಸ್ತಾರ, ಅದರ ಆಳ, ಇವುಗಳ ಮುಂದೆ ಮನುಷ್ಯನ ಅಜ್ಞಾನ, ಇವೇ ಮೀನಿಗೆ ಕಾವಲಾಗಿದ್ದವು. ನಮ್ಮ ಕರಾವಳಿಯಲ್ಲಿ ರಂಪಣಿಯೆಂಬ ಬೃಹತ್ ಬಲೆಯಿತ್ತು. ಹತ್ತಾರು ಜನ ಸೇರಿ ದಡದಿಂದಲೇ ಎಳೆಯುತ್ತಿದ್ದರು. ಬಂದ ಮೀನನ್ನು ಪಾಲು ಹಾಕಿಕೊಳ್ಳುತ್ತಿದ್ದರು. ಬಲೆ ದೊಡ್ಡದಾದರೂ ಅದು ಮೀನನ್ನು ಬೆನ್ನಟ್ಟುವಂತಿರಲಿಲ್ಲ. ಮೀನೇ ದಡಕ್ಕೆ ಬರಬೇಕಿತ್ತು. ಬಾರದ ಮೀನು ಬದುಕುತ್ತಿತ್ತು. 1970ರ ದಶಕದ ನಡುವಿನಲ್ಲಿ ಯಂತ್ರದ ಬೋಟುಗಳ ಪರ್ಸೀನ್ ಬಲೆ ಬಂದಿತು. ಅದು ಹಿಂಡನ್ನು ಹುಡುಕಿಕೊಂಡು ಹೋಗಿ ಸುತ್ತುವರಿದು ಚೀಲದ ಬಾಯಿಯಂತೆ ಕೆಳಗಿನಿಂದ ಬಿಗಿಯುವ ಬಲೆ. ರಂಪಣಿಯವರು ಪ್ರತಿಭಟಿಸಿದರು, ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಮೂಲೆಗುಂಪಾದವು. ಅನಂತರ ಬಂದುದು ನೀರಿನೊಳಗೆ ಶಬ್ದವನ್ನಟ್ಟಿ ಹಿಂಡನ್ನು ಪತ್ತೆಹಚ್ಚುವ ಯಂತ್ರ. ಈಗ ಆಕಾಶದಿಂದ ಬರುವ ಸೂಚನೆ. ಅಜ್ಞಾನವೆಂಬ ಕಾವಲು ಒಂದೊಂದಾಗಿ ಬಿದ್ದುಹೋಗುತ್ತಿದೆ. ಹಾಗಾದರೆ ಅದರ ಜಾಗದಲ್ಲಿ ನಿಲ್ಲಬೇಕಾದ ಕಾವಲು ಯಾವುದು? ಹಿಂದೆ ಅರಿಯದೆ ಉಳಿಸುತ್ತಿದ್ದವನು ಈಗ ಅರಿತು ಉಳಿಸಬೇಕಾಗಿದೆ. ಇದೇ ಮುನ್ನರಿವಿನ ಹೊಣೆ. ಆಚಾರಕ್ಕೆ ಇಳಿಯದ ಅರಿವು ನಮ್ಮ ಪರಂಪರೆಯಲ್ಲಿ ಅರಿವೆನಿಸಿಕೊಂಡಿಲ್ಲವೆಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ಕೆಲವರು ಹೇಳುವ ಸಮಾಧಾನವೊಂದುಂಟು: ಬಲೆಗೆ ಮೀನು ಬೀಳುತ್ತಿರುವವರೆಗೆ ಕಡಲಿನಲ್ಲಿ ಮೀನು ಇದೆಯೆಂದೇ ಅರ್ಥವಲ್ಲವೇ, ಕಡಿಮೆಯಾದಾಗ ನಿಲ್ಲಿಸಿದರಾಯಿತಲ್ಲವೇ ಎಂದು. ಕೇಳಲು ಸರಿಯಾಗಿಯೇ ಇದೆ. ಆದರೆ ಹುಡುಕುವ ಜಾಣತನ ಹೆಚ್ಚಿದಂತೆ ಈ ಲೆಕ್ಕ ಮೋಸ ಮಾಡುತ್ತದೆ. ಕೆನಡಾ ದೇಶದ ನ್ಯೂಫೌಂಡ್‌ಲ್ಯಾಂಡಿನ ಕರಾವಳಿಯಲ್ಲಿ ಸುಮಾರು ಐದು ಶತಮಾನಗಳ ಕಾಲ ಕಾಡ್ ಎಂಬ ಮೀನನ್ನು ಹಿಡಿಯುತ್ತ ಬಂದಿದ್ದರು. 1980ರ ದಶಕದಲ್ಲಿ ಅಲ್ಲಿನ ಸರಕಾರದ ತಜ್ಞರು ಮೀನಿನ ರಾಶಿ ಎಷ್ಟಿದೆಯೆಂದು ಅಂದಾಜು ಮಾಡಿ, ಮುಂದಿನ ವರ್ಷ ಇಷ್ಟು ಹಿಡಿಯಬಹುದೆಂದು ಹೇಳುತ್ತಿದ್ದರು. ಆ ಅಂದಾಜಿಗೆ ಮುಖ್ಯ ಆಧಾರಗಳಲ್ಲೊಂದು ದೊಡ್ಡ ಹಡಗುಗಳ ಹಿಡುವಳಿ. ಹಡಗುಗಳಲ್ಲಿ ಹುಡುಕುವ ಯಂತ್ರಗಳಿದ್ದುದರಿಂದ, ಮೀನು ಕ್ಷೀಣಿಸಿ ಕೆಲವೇ ಕಡೆ ಗುಂಪುಗೂಡಿದ್ದಾಗಲೂ ಅವು ಆ ಗುಂಪುಗಳನ್ನೇ ಕಂಡುಹಿಡಿದು ಬಲೆ ತುಂಬಿಸಿಕೊಂಡು ಬರುತ್ತಿದ್ದವು. ಕಾಗದದ ಮೇಲೆ ಕಡಲು ತುಂಬಿಯೇ ಇತ್ತು. ದಡದ ಬಳಿ ಸಣ್ಣ ದೋಣಿಗಳಲ್ಲಿ ಹೋಗುತ್ತಿದ್ದವರು ಮಾತ್ರ, ಮೀನು ಕಡಿಮೆಯಾಗುತ್ತಿದೆ, ಸಿಕ್ಕುವುದೂ ಚಿಕ್ಕದಾಗುತ್ತಿದೆ ಎಂದು ಕೂಗಿಕೊಂಡರು. ಅವರ ಮಾತನ್ನು ತಕ್ಕ ಕಾಲಕ್ಕೆ ಯಾರೂ ತೂಕಕ್ಕೆ ಹಾಕಲಿಲ್ಲ. 1992ರ ಜುಲೈಯಲ್ಲಿ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಸುಮಾರು 30,000 ಜನ ಕೆಲಸ ಕಳೆದುಕೊಂಡರು. ಎರಡು ವರ್ಷಗಳಿಗೆಂದು ಹಾಕಿದ ನಿಷೇಧ ತೆರವಾದದ್ದು 2024ರಲ್ಲಿ. ಆಗಲೂ ವರ್ಷಕ್ಕೆ ಕೇವಲ 18,000 ಟನ್ ಹಿಡಿಯಲು ಅನುಮತಿ. 1968ರಲ್ಲಿ ಅಲ್ಲಿ ಹಿಡಿದ ಮೀನು ಎಂಟು ಲಕ್ಷ ಟನ್ ಎಂಬುದನ್ನು ಇದರೊಡನೆ ಇಟ್ಟು ನೋಡಬೇಕು. ಗಣಿತವನ್ನು ನಂಬಿ ಕಣ್ಣನ್ನು ನಂಬದೆ ಹೋದುದರ ಫಲವಿದು. ಮುನ್ಸೂಚನೆಯ ಯಂತ್ರಗಳನ್ನು ತರುವ ನಮ್ಮ ಅಧಿಕಾರಿಗಳು ಮೊಗವೀರ, ಖಾರ್ವಿ, ಹರಿಕಂತ್ರ ಹಿರಿಯರ ಮಾತನ್ನೂ ಅದೇ ಕಡತದಲ್ಲಿ ಬರೆದುಕೊಳ್ಳುವುದು ಲೇಸು.

ನಮ್ಮ ಬೂತಾಯಿಯ ಕಥೆ ಇಷ್ಟು ಸರಳವಲ್ಲವೆಂಬುದನ್ನೂ ಒಪ್ಪಬೇಕು. ಅದು ಮನುಷ್ಯನ ಕೈಯಿಲ್ಲದೆಯೂ ಏರುತ್ತ ಇಳಿಯುತ್ತ ಬಂದ ಮೀನು. 1940ರ ದಶಕದ ಮೊದಲಲ್ಲಿ ಅದು ಹೆಚ್ಚುಕಡಿಮೆ ಮಾಯವಾದಾಗ, ದಕ್ಷಿಣ ಕನ್ನಡವನ್ನೂ ಮಲಬಾರನ್ನೂ ಆಳುತ್ತಿದ್ದ ಮದ್ರಾಸ್ ಸರಕಾರ 1943ರಲ್ಲಿ ಮರಿಗಳನ್ನೂ ಮೊಟ್ಟೆ ಹೊತ್ತ ಮೀನನ್ನೂ ಹಿಡಿಯದಂತೆ ನಿರ್ಬಂಧ ಹಾಕಿತು. ಕೆಲವು ವರ್ಷಗಳಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಆಗ ಪರ್ಸೀನ್ ಇರಲಿಲ್ಲ, ಉಪಗ್ರಹವಿರಲಿಲ್ಲ. ಈಚಿನ ಕಾಲಕ್ಕೆ ಬಂದರೆ, 2012ರಲ್ಲಿ ಭಾರತದ ಬಲೆಗಳಿಗೆ ಬಿದ್ದ ಬೂತಾಯಿ ಸುಮಾರು 7.2 ಲಕ್ಷ ಟನ್. ಅದೇ ವರ್ಷ ಕೇರಳವೊಂದರಲ್ಲೇ 3.9 ಲಕ್ಷ ಟನ್ ಇದ್ದುದು 2021ರಲ್ಲಿ 3,297 ಟನ್ನಿಗೆ ಕುಸಿಯಿತು. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದಕ್ಕೆ ಎಲ್ ನಿನೋ ಎಂಬ ಕಡಲಿನ ಬಿಸಿಯೇರಿಕೆಯನ್ನೂ ಮುಖ್ಯ ಕಾರಣವಾಗಿ ಹೇಳಿದ್ದಾರೆ. 2023ರಲ್ಲಿ ಕೇರಳದ ಲೆಕ್ಕ ಮತ್ತೆ 1.38 ಲಕ್ಷ ಟನ್ನಿಗೆ ಏರಿತು.

ಇಲ್ಲಿ ಒಬ್ಬನು ಕೇಳಬಹುದು: ಕಡಲು ತಾನೇ ಕೊಡುತ್ತದೆ, ತಾನೇ ಕಸಿಯುತ್ತದೆ ಎಂದ ಮೇಲೆ ನಮ್ಮ ಸಂಯಮದಿಂದೇನು? ಮಳೆಯನ್ನು ನಾವು ತರಿಸಲಾರೆವು. ಆದರೂ ಬಿತ್ತನೆಯ ಕಾಳನ್ನು ಉಳಿಸುತ್ತೇವೆ. ಮಳೆ ಬಂದ ವರ್ಷ ಬಿತ್ತಲು ಏನಾದರೂ ಉಳಿದಿರಬೇಕೆಂಬುದೇ ಅದರ ಅಭಿಪ್ರಾಯ. ಕಡಲು ಮುನಿದ ವರ್ಷ ಅಳಿದುಳಿದ ಮೀನನ್ನೂ ಹುಡುಕಿ ಹಿಡಿದರೆ, ಕಡಲು ಒಲಿದ ವರ್ಷ ಮೊಟ್ಟೆಯಿಡಲು ಯಾವ ಮೀನಿದ್ದೀತು? ಎಲ್ ನಿನೋ ಬರುವುದನ್ನು ಈಗ ಕೆಲವು ತಿಂಗಳು ಮೊದಲೇ ತಿಳಿಯಬಹುದಾಗಿದೆ. ಈ ಮುನ್ನರಿವು ಹಗೇವಿನ ಮುನ್ನರಿವಿನಂತೆ ಕೆಲಸ ಮಾಡಬೇಕಾದದ್ದು ಅಂಥ ವರ್ಷದಲ್ಲಿಯೇ.

ದಕ್ಷಿಣ ಅಮೆರಿಕದ ಪೆರು ದೇಶ ಇದನ್ನು ಕಷ್ಟಪಟ್ಟು ಕಲಿತಿದೆ. ಅಲ್ಲಿಯೂ ತಣ್ಣೀರು ಮೇಲೇಳುವ ಕಡಲು. ಅಲ್ಲಿನ ಸಣ್ಣ ಮೀನು ಆಂಚೊವೆಟಾ. 1970ರಲ್ಲಿ ಒಂದು ಕೋಟಿ 20 ಲಕ್ಷ ಟನ್ನಿಗೂ ಹೆಚ್ಚು ಹಿಡಿದರು. ತಜ್ಞರು ಒಂದು ಕೋಟಿಯನ್ನು ದಾಟಬಾರದೆಂದು ಎಚ್ಚರಿಸಿದ್ದರೂ ಕೇಳಲಿಲ್ಲ. 1972ರಲ್ಲಿ ಎಲ್ ನಿನೋ ಬಂದಿತು; ಮರುವರ್ಷ ಹಿಡುವಳಿ 20 ಲಕ್ಷದ ಆಸುಪಾಸಿಗೆ ಇಳಿಯಿತು. ಅದೇ ದೇಶ ಈಗ ಪ್ರತಿ ಹಂಗಾಮಿಗೆ ಮೊದಲು ಶಬ್ದಯಂತ್ರಗಳಿಂದ ಕಡಲನ್ನು ಅಳೆಸಿ, ಎಷ್ಟು ಹಿಡಿಯಬೇಕೆಂದು ಗೊತ್ತುಪಡಿಸುತ್ತದೆ. 2023ರಲ್ಲಿ ಅಳತೆ ಮಾಡಿದಾಗ ಮರಿಗಳೇ ಹೆಚ್ಚಾಗಿದ್ದವು. ಸರಕಾರ ಆ ವರ್ಷದ ಮೊದಲ ಹಂಗಾಮನ್ನೇ ರದ್ದುಮಾಡಿತು. ಮೀನು ಎಲ್ಲಿದೆಯೆಂದು ಗೊತ್ತಿತ್ತು, ಬೋಟುಗಳು ಸಿದ್ಧವಾಗಿದ್ದವು, ಆದರೂ ಹೋಗಲಿಲ್ಲ. ಉಪಕರಣ ಒಂದೇ, 1992ರಲ್ಲಿ ಕೆನಡಾದಲ್ಲಿ ಅದು ಕೊನೆಯ ಗುಂಪನ್ನು ತೋರಿಸಿತು, 2023ರಲ್ಲಿ ಪೆರುವಿನಲ್ಲಿ ಬಲೆಯನ್ನು ದಡದಲ್ಲಿ ನಿಲ್ಲಿಸಿತು.

ಆದರೆ ಬಲೆಯನ್ನು ದಡದಲ್ಲಿ ನಿಲ್ಲಿಸೆಂದು ಹೇಳುವುದು ಸುಲಭ. ಇದನ್ನು ಬರೆಯುವವನಿಗೂ ಓದುವ ನಿಮಗೂ ಅದರಿಂದ ಒಂದು ಹೊತ್ತಿನ ಅನ್ನವೂ ತಪ್ಪುವುದಿಲ್ಲ. ಸಾಲ ಮಾಡಿ ಬೋಟು ಕಟ್ಟಿಸಿದವನು, ದಿನಗೂಲಿಗೆ ಬಲೆಯೆಳೆಯುವವನು, ಬಂದರಿನಲ್ಲಿ ಮೀನು ಮಾರುವ ಹೆಂಗಸು, ಇವರೆಲ್ಲರ ಹೊಟ್ಟೆಯ ಪ್ರಶ್ನೆ ಇದರಲ್ಲಿದೆ. ಬರಗಾಲದಲ್ಲಿ ಬಿತ್ತನೆಯ ಕಾಳನ್ನು ತಿಂದವನನ್ನು ಪಾಪಿಯೆಂದು ಕರೆಯುವ ಮೊದಲು, ಅವನ ಮಕ್ಕಳಿಗೆ ಯಾರು ಏನು ಕೊಟ್ಟರು ಎಂದು ಕೇಳಬೇಕಲ್ಲವೇ? ಮುನ್ನರಿವು ಒಬ್ಬನದಲ್ಲ, ಸಮಾಜದ್ದು. ಆದ್ದರಿಂದ ಅದು ಬೇಡುವ ತ್ಯಾಗವನ್ನೂ ಬಡವನೊಬ್ಬನ ತಲೆಗೆ ಕಟ್ಟಿ ಸಮಾಜ ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ಬೋಟುಗಳು ಕಡಲಿಗಿಳಿಯುವಂತಿಲ್ಲ. ಬೂತಾಯಿ ಮೊದಲಾದವು ಮೊಟ್ಟೆಯಿಡುವ ಕಾಲವದು. ಆ ಎರಡು ತಿಂಗಳಿಗಾಗಿ ಉಳಿತಾಯ ಪರಿಹಾರ ಯೋಜನೆಯೊಂದಿದೆ; ಮೀನುಗಾರ ಕಟ್ಟಿದ ಹಣಕ್ಕೆ ಸರಕಾರಗಳು ತಮ್ಮ ಪಾಲು ಸೇರಿಸಿ ಕೊಡುತ್ತವೆ. ಇದು ಪಂಚಾಂಗದ ತಿಂಗಳಿಗೆ ಕಟ್ಟಿದ ರಜೆ. ಮುನ್ಸೂಚನೆ ಬಂದ ಕೆಟ್ಟ ವರ್ಷಕ್ಕೂ ಇಂಥ ಹಗೇವು ಬೇಕು. ಅದಿಲ್ಲದೆ ಎಚ್ಚರಿಕೆ ಕೊಡುವುದು, ಹಸಿದವನಿಗೆ ಮುಂದಿನ ವರ್ಷದ ಪಂಚಾಂಗ ಓದಿದಂತೆ. ನಿರ್ಬಂಧ ಮೊದಲು ಮುಟ್ಟಬೇಕಾದದ್ದು ನಾಡದೋಣಿಯನ್ನೂ ಅಲ್ಲ, ಕೈರಂಪಣಿಯನ್ನೂ ಅಲ್ಲ. ಒಂದೇ ಸುತ್ತಿಗೆ ಹಿಂಡನ್ನೇ ಬಾಚುವವರನ್ನು. ಪ್ರಖರ ದೀಪ ಹಚ್ಚಿ ಮೀನನ್ನು ಆಕರ್ಷಿಸಿ ಹಿಡಿಯುವುದನ್ನು ಕೇಂದ್ರ ಸರಕಾರ 2017ರ ನವೆಂಬರಿನಲ್ಲಿ ತನ್ನ ಜಲವಲಯದಲ್ಲಿ ನಿಷೇಧಿಸಿತು. ನಿಷೇಧ ಮುರಿಯುವವರ ವಿರುದ್ಧ ನಾಡದೋಣಿಯವರೇ ಮತ್ತೆ ಮತ್ತೆ ದನಿಯೆತ್ತಬೇಕಾಗಿ ಬಂದಿದೆ.

ಹಿಡಿಯುವುದನ್ನು ಬಿಟ್ಟು ಸಾಕಿದರಾಗದೇ ಎಂಬ ಮಾತೂ ಇದೆ. ಕಾರವಾರದ ಕಡಲಿನಲ್ಲಿಯೂ ಉಪ್ಪುಂದದ ಅಳಿವೆಯಲ್ಲಿಯೂ ಪಂಜರಗಳಲ್ಲಿ ಮೀನು ಸಾಕಿದ್ದಾರೆ. ಒಳನಾಡಿನ ಕೆರೆ ಹೊಂಡಗಳಲ್ಲಿ ಕಾಟ್ಲಾ ರೋಹು ಸಾಕುವವರು ನಮ್ಮ ಭಾಗದಲ್ಲಿಯೂ ಇದ್ದಾರೆ. ಇಲ್ಲಿ ಮುನ್ನರಿವಿನ ಉಪಯೋಗ ಬೇರೆ ಬಗೆಯದು. ಹಗಲಿನಲ್ಲಿ ಪಾಚಿ ನೀರಿಗೆ ಆಮ್ಲಜನಕ ಕೊಡುತ್ತದೆ. ರಾತ್ರಿ ತಾನೂ ಉಸಿರಾಡಿ ಅದನ್ನೇ ಬಳಸಿಕೊಳ್ಳುತ್ತದೆ. ಆದ್ದರಿಂದ ಬೆಳಗಿನ ಜಾವ ನೀರಿನಲ್ಲಿ ಉಸಿರು ತೀರ ಕಡಿಮೆ. ಮೋಡ ಕವಿದ ದಿನದ ಮರುಬೆಳಗ್ಗೆ ಹೊಂಡದ ಮೀನೆಲ್ಲ ತೇಲಿದ್ದನ್ನು ಕಂಡವರುಂಟು. ನೀರಿನಲ್ಲಿ ಮಾಪಕವಿಟ್ಟು ರಾತ್ರಿಯೇ ಎಚ್ಚರಿಕೆ ಪಡೆದರೆ ಗಾಳಿಯಾಡಿಸುವ ಯಂತ್ರವನ್ನು ಓಡಿಸಿ ಅವುಗಳನ್ನು ಉಳಿಸಬಹುದು. ಸಾಕಿದವನಿಗೆ ಈ ಎಚ್ಚರ ಧರ್ಮವೇ ಸರಿ. ಆದರೆ ಪಂಜರದ ಮೀನಿಗೂ ಸಿಗಡಿಗೂ ಹಾಕುವ ಆಹಾರದಲ್ಲಿ ಕಡಲಿನ ಸಣ್ಣ ಮೀನಿನ ಹುಡಿಯೇ ಸೇರಿರುತ್ತದೆ. ಮಾರುಕಟ್ಟೆಗೆ ಬಾರದಷ್ಟು ಚಿಕ್ಕ ಮರಿಗಳು ಕರಾವಳಿಯ ಫಿಶ್‌ಮೀಲ್ ಕಾರ್ಖಾನೆಗಳಿಗೆ ಲಾರಿಗಟ್ಟಲೆ ಹೋಗುತ್ತವೆ. ಹೊಂಡದಲ್ಲಿ ಒಂದು ಮೀನನ್ನು ಉಳಿಸಲು ಕಡಲಿನಲ್ಲಿ ಹಲವು ಮರಿಗಳನ್ನು ಅರೆದರೆ ಅದನ್ನು ಉಳಿಸಿದ್ದು ಎನ್ನೋಣವೇ? ಕೇರಳ ಸರಕಾರ ಬೂತಾಯಿಗೆ 10 ಸೆಂಟಿಮೀಟರಿನ ಕನಿಷ್ಠ ಅಳತೆ ಗೊತ್ತುಮಾಡಿ, ಅದಕ್ಕಿಂತ ಚಿಕ್ಕದನ್ನು ಹಿಡಿಯುವುದನ್ನು ಅಪರಾಧವೆಂದಿದೆ. ಆಕಾಶದಿಂದ ಬರುವ ಸೂಚನೆಯಲ್ಲಿ ದಿಕ್ಕು, ದೂರ, ಆಳಗಳಿವೆ. ಸಿಕ್ಕುವ ಮೀನು ಮರಿಯೋ ಬಲಿತದ್ದೋ ಎಂಬ ಮಾತೂ, ಮರಿಯಾದರೆ ಬಲೆ ಬಿಡಬೇಡಿರೆಂಬ ಮಾತೂ ಅದರೊಡನೆ ಸೇರುವ ದಿನ ಬರಬೇಕೆಂಬುದು ನಮ್ಮ ಅಪೇಕ್ಷೆ.

ಎಲ್ಲಿದೆಯೆಂದು ಗೊತ್ತಿದ್ದೂ ಹಿಡಿಯದಿರುವುದು ಮನುಷ್ಯನಿಗೆ ಸಾಧ್ಯವೇ ಎಂದು ಸಂದೇಹಿಸುವವರು ಶೃಂಗೇರಿಯ ತುಂಗೆಯ ಮೆಟ್ಟಿಲ ಮೇಲೆ ಒಂದು ಗಳಿಗೆ ಕುಳಿತು ಬರಬೇಕು. ಅಥವಾ ದಕ್ಷಿಣ ಕನ್ನಡದ ಶಿಶಿಲದಲ್ಲಿ ಕಪಿಲಾ ಹೊಳೆಯ ದಂಡೆಗೆ ಹೋಗಬೇಕು. ಕೈಚಾಚಿದರೆ ಸಿಕ್ಕುವಷ್ಟು ಹತ್ತಿರದಲ್ಲಿ ಮೊಳದುದ್ದದ ಮೀನುಗಳು ಸಾಲುಗಟ್ಟಿರುತ್ತವೆ. ಅವು ಎಲ್ಲಿವೆಯೆಂಬುದನ್ನು ತಿಳಿಯಲು ಉಪಗ್ರಹ ಬೇಡ, ಮಕ್ಕಳಿಗೂ ಗೊತ್ತು. ಸುತ್ತಲಿನ ಊರುಗಳಲ್ಲಿ ಮೀನು ತಿನ್ನುವವರು ಇಲ್ಲದಿಲ್ಲ. ಆದರೂ ಅಲ್ಲಿ ಬಲೆ ಬೀಳುವುದಿಲ್ಲ. ಅವು ದೇವರ ಮೀನು ಎಂಬ ಒಂದೇ ಮಾತು ತಲೆಮಾರುಗಳಿಂದ ಕಾವಲು ಕಾದಿದೆ. ಆ ಕಾವಲೂ ಅಭೇದ್ಯವೆಂದು ನಾವು ಹೇಳುತ್ತಿಲ್ಲ. 1996ರಲ್ಲಿ ಶಿಶಿಲದ ಹೊಳೆಗೆ ಯಾರೋ ವಿಷ ಬೆರೆಸಿ, ಸಾವಿರಾರು ಮೀನುಗಳು ಸತ್ತು ತೇಲಿದವು. ಸತ್ತ ಮೀನುಗಳ ನೆನಪಿಗೆ ಊರಿನಲ್ಲಿ ಸ್ಮಾರಕವನ್ನು ನಿಲ್ಲಿಸಿದ್ದಾರೆ. ಹೊಳೆಯಲ್ಲಿ ಈಗ ಮತ್ತೆ ಮೀನುಗಳಿವೆ. ದಂಡೆಗೆ ಬಂದವರು ಅವುಗಳಿಗೆ ತಿನಿಸು ಹಾಕಿ ಹೋಗುತ್ತಾರೆ.